ಪಕ್ಕದ ಹಲ್ಲಿನ ಮಾತು

ನಾನು ಹಲ್ಲು ಮಾಡುವವಳು. ಹಾಗೆಂದ ಕೂಡಲೇ ಜನ ನನ್ನನ್ನು ಡಾಕ್ಟರ್ ಎಂದು ತಿಳಿಯುತ್ತಾರೆ; ಅಲ್ಲ ಎಂದರೆ ಅವರ ಆಸಕ್ತಿ ಅರ್ಧಕ್ಕೆ ಇಳಿಯುತ್ತದೆ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಹೊಯ್ದು, ದವಡೆ ಎಬ್ಬಿಸಿ, ಅಲ್ಲಿ ಇಲ್ಲದ ಹಲ್ಲನ್ನು ಮಾಡಿ ವಾಪಸು ಕಳಿಸುವುದು ಲ್ಯಾಬಿನ ಕೆಲಸ. ಠಾಣೆಯ ವರ್ತಕ ನಗರದಲ್ಲಿ ಒಂದು ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿ ನಮ್ಮ ಲ್ಯಾಬು. ಕಿಟಕಿ ಉಂಟು, ಆದರೆ ಅದರಾಚೆ ಪಕ್ಕದ ಕಟ್ಟಡದ ಗೋಡೆ.

ಈ ಕೆಲಸದಲ್ಲಿ ರೋಗಿಯ ಮುಖ ನೋಡುವ ಪದ್ಧತಿ ಇಲ್ಲ. ಅಚ್ಚಿನ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಹಲ್ಲಿನ ನಂಬರು, ಬಣ್ಣದ ನಂಬರು, ಅಷ್ಟೆ. ನಾನು ಮಾಡಿದ ಹಲ್ಲುಗಳು ಡೊಂಬಿವಲಿ ಲೋಕಲ್ಲಿನಲ್ಲಿ ನನ್ನ ಎದುರೇ ಕೂತು ನಕ್ಕಿರಬಹುದು, ಸೀಟಿಗಾಗಿ ನನ್ನ ಜೊತೆ ಜಗಳವನ್ನೂ ಆಡಿರಬಹುದು. ಒಳ್ಳೆಯ ಹಲ್ಲಿನ ಲಕ್ಷಣವೇ ಅದು, ಯಾರಿಗೂ ಗೊತ್ತಾಗಬಾರದು. ಆದರೆ ಯಾರಿಗೂ ಗೊತ್ತಾಗದ ಕೆಲಸವನ್ನು ವರ್ಷಗಟ್ಟಲೆ ಮಾಡಿದರೆ ಮಾಡುವವಳೂ ಗೊತ್ತಾಗದೆ ಹೋಗುತ್ತಾಳೆ. ಇದನ್ನು ಮುನಿಸಿನಿಂದಲೇ ಹೇಳುತ್ತಿದ್ದೇನೆ.

ಕೆಲಸವನ್ನು ಕೋರ್ಸಿನಲ್ಲಿ ಕಲಿತೆ ಎಂದು ಸರ್ಟಿಫಿಕೇಟು ಹೇಳುತ್ತದೆ. ನಿಜವಾಗಿ ಕಲಿಸಿದವರು ತಾಳಮದ್ದಳೆಯ ಒಬ್ಬ ಅರ್ಥಧಾರಿ. ಹಲ್ಲಿಗೂ ತಾಳಮದ್ದಳೆಗೂ ಎಂತ ಸಂಬಂಧ ಎಂದು ನನ್ನ ತಮ್ಮನೇ ನಕ್ಕಿದ್ದಾನೆ, ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಅಪ್ಪ ಠಾಣೆ ಸ್ಟೇಷನ್ ಹತ್ತಿರದ ಹೊಟೇಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ವಾರಕ್ಕೊಂದು ರಜೆ. ಆ ಸಂಜೆ ಡೊಂಬಿವಲಿಯ ನಮ್ಮ ಒಂದು ಕೋಣೆಯ ಮನೆಯಲ್ಲಿ, ಕಪಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಟೇಪ್ ರೆಕಾರ್ಡರ್ ಹಾಕುತ್ತಿದ್ದರು. ಊರಿನಿಂದ ಬರುವ ಹೊಟೇಲಿನವರು ತಂದುಕೊಟ್ಟ ತಾಳಮದ್ದಳೆಯ ಕ್ಯಾಸೆಟ್ಟುಗಳು, ಕಾಪಿಯಿಂದ ಕಾಪಿ ಮಾಡಿದವು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಪುರಾಣದ ಪಾತ್ರಗಳಾಗಿ ಆ ಪದದ ಅರ್ಥವನ್ನು ಸ್ವಂತ ಮಾತಿನಲ್ಲಿ ಬೆಳೆಸುತ್ತ ವಾದ ಮಾಡುತ್ತಾರೆ. ಬರೀ ಮಾತು. ಹಾಗಾಗಿ ಕ್ಯಾಸೆಟ್ಟಿನಲ್ಲಿ ಕೇಳಿದರೂ ಏನೂ ಕಳೆದುಹೋಗುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ.

ಅಪ್ಪನಿಗೆ ಇಷ್ಟವಾದವರು ಒಬ್ಬರೇ. ಊರಿನ ಶಾಲೆಯಲ್ಲಿ ಮಾಸ್ಟ್ರಾಗಿದ್ದವರು, ಎಲ್ಲರೂ ಮಾಸ್ಟ್ರು ಎಂದೇ ಕರೆಯುತ್ತಿದ್ದರು. ಬೇರೆ ಅರ್ಥಧಾರಿಗಳು ಎದುರಿನವನ ಮಾತು ಮುಗಿಯುವ ಮೊದಲೇ ಬಾಣ ಹೂಡಿರುತ್ತಾರೆ. ಮಾಸ್ಟ್ರು ಹಾಗಲ್ಲ. ಎದುರಿನವನು ಮಾತು ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ, "ಹಾಗಾದರೆ ನೀನು ಹೇಳಿದ್ದು ಇಷ್ಟು" ಎಂದು ಶುರುಮಾಡಿ, ಅವನು ಹೇಳಿದ್ದನ್ನೆಲ್ಲ ಅವನಿಗಿಂತ ಚೆನ್ನಾಗಿ ಅವನಿಗೇ ಹೇಳುತ್ತಿದ್ದರು. ಒಂದನ್ನೂ ಬಿಡದೆ, ಒಂದನ್ನೂ ವಕ್ರ ಮಾಡದೆ. ಕೊನೆಯಲ್ಲಿ, "ಇಷ್ಟೇ ತಾನೆ? ಏನಾದರೂ ಬಿಟ್ಟೆನೆ?" ಎನ್ನುತ್ತಿದ್ದರು. ಎದುರಿನವನು ಹೌದು ಇಷ್ಟೇ ಎಂದ ಮೇಲೆಯೇ ಅವರ ಉತ್ತರ. ಆ ಹೊತ್ತಿಗೆ ಎದುರಿನವನು ಅರ್ಧ ಕರಗಿರುತ್ತಿದ್ದ.

"ಇವರು ಗೆಲ್ಲುವವರಲ್ಲ, ಎದುರಿನವನನ್ನು ದೊಡ್ಡವನನ್ನಾಗಿ ಮಾಡುವವರು" ಎಂದು ಅಪ್ಪ ಅಮ್ಮನಿಗೆ ತುಳುವಿನಲ್ಲಿ ಹೇಳುತ್ತಿದ್ದರು. ಅಮ್ಮ ಅಕ್ಕಿ ಆರಿಸುತ್ತ, "ಮನೆಯಲ್ಲಿ ನನ್ನ ಮಾತನ್ನೂ ಒಮ್ಮೆ ಹಾಗೆ ಕೇಳಿ" ಎನ್ನುತ್ತಿದ್ದಳು. ಅಪ್ಪ ನಕ್ಕು ವಾಲ್ಯೂಮು ಹೆಚ್ಚಿಸುತ್ತಿದ್ದರು.

ಲ್ಯಾಬಿಗೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಮಾಡಿದ ಮುಂಭಾಗದ ಹಲ್ಲುಗಳು ವಾಪಸು ಬರುತ್ತಿದ್ದವು. ಹಲ್ಲು ಒಂದನ್ನೇ ಅಂಗೈಯಲ್ಲಿ ಇಟ್ಟು ನೋಡಿದರೆ ಮುತ್ತಿನ ಹಾಗೆ, ಬಾಯಿಯಲ್ಲಿ ಹಾಕಿದರೆ ಪರಕೀಯ. ಲ್ಯಾಬಿನ ಸೇಠ್ ಗುಜರಾತಿ, ಬಾಯಿ ಸ್ವಲ್ಪ ಜೋರು. ಒಂದು ದಿನ ನಾನು ಮಾಡಿದ್ದನ್ನು ಎಲ್ಲರೆದುರು ಎತ್ತಿ ಹಿಡಿದು, "ಯೇ ದಾಂತ್ ನಹೀ ಹೈ, ಬಾಥ್‌ರೂಮ್ ಕಾ ಟೈಲ್ಸ್ ಹೈ" ಎಂದರು, ಇದು ಹಲ್ಲೇ ಅಲ್ಲ ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಸಂಜೆ ಲೋಕಲ್ಲಿನ ಲೇಡೀಸ್ ಡಬ್ಬದ ಬಾಗಿಲಲ್ಲಿ ನಿಂತು ದಿವಾ ಸ್ಟೇಷನ್ ದಾಟುವವರೆಗೂ ಅತ್ತೆ. ಆ ನೂಕುನುಗ್ಗಲಿನಲ್ಲಿ ಅಳುವುದಕ್ಕೆ ಒಂದು ಅನುಕೂಲ ಉಂಟು, ಯಾರೂ ಏಕೆ ಎಂದು ಕೇಳುವುದಿಲ್ಲ.

ಮನೆಗೆ ಬಂದರೆ ಅಪ್ಪನ ರಜೆ, ಕ್ಯಾಸೆಟ್ ಓಡುತ್ತಿತ್ತು. ನಾನು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಿದ್ದೆ, ತಿನ್ನುತ್ತಿರಲಿಲ್ಲ. "ಹಾಗಾದರೆ ನೀನು ಹೇಳಿದ್ದು ಇಷ್ಟು" ಎಂದರು ಮಾಸ್ಟ್ರು ಟೇಪಿನಲ್ಲಿ. ನನ್ನ ಕೈ ನಿಂತಿತು. ನಾನು ಪಕ್ಕದ ಹಲ್ಲಿನ ಮಾತನ್ನೇ ಕೇಳದೆ ನನ್ನ ಮಾತು ಶುರುಮಾಡುತ್ತಿದ್ದೇನೆ ಎಂದು ಆಗ ಹೊಳೆಯಿತು. ಪಕ್ಕದ ಹಲ್ಲು ಚಹಾ ಕುಡಿದು ಬುಡದಲ್ಲಿ ಹಳದಿಯಾಗಿದೆ, ತುದಿ ಸವೆದಿದೆ, ಸ್ವಲ್ಪ ಓರೆ ನಿಂತಿದೆ. ಎದುರು ದವಡೆಯ ಹಲ್ಲು ಎಲ್ಲಿ ತಾಗುತ್ತದೆಂದು ಅದಕ್ಕೆ ಗೊತ್ತಿದೆ. ಇದನ್ನೆಲ್ಲ ಮೊದಲು ಅದಕ್ಕೆ ಅದರ ಮಾತಿನಲ್ಲೇ ಹಿಂತಿರುಗಿಸಿ ಹೇಳಿ, ಆಮೇಲೆ ನನ್ನ ಹಲ್ಲು ಬಾಯಿ ತೆರೆಯಬೇಕು.

ಮರುದಿನದಿಂದ ಅಚ್ಚು ಬಂದ ಕೂಡಲೇ ಹಲ್ಲು ಕೆತ್ತುವ ಮೇಣ ಮುಟ್ಟುವುದನ್ನು ಬಿಟ್ಟೆ. ಮೊದಲು ದವಡೆಯನ್ನು ಕೈಯಲ್ಲಿ ಹಿಡಿದು, ಇರುವ ಹಲ್ಲುಗಳನ್ನು ನೋಡುತ್ತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ, ನೀವು ಹೇಳಿದ್ದು ಇಷ್ಟು, ಇಷ್ಟೇ ತಾನೆ. ಸೇಠ್‌ಗೆ ಮೊದಮೊದಲು ಇದು ಸೋಮಾರಿತನ ಅನ್ನಿಸಿತು. ಕೆಲಸ ವಾಪಸು ಬರುವುದು ನಿಂತ ಮೇಲೆ ಸುಮ್ಮನಾದರು. ಮುಂದೆ ಮುಂಭಾಗದ ಹಲ್ಲುಗಳೆಲ್ಲ ನನ್ನ ಮೇಜಿಗೇ ಬರತೊಡಗಿದವು.

ಅಮ್ಮ ಮೊದಲು ಹೋದಳು, ಕೆಲವು ವರ್ಷದ ನಂತರ ಅಪ್ಪ. ತಮ್ಮ ಮದುವೆಯಾಗಿ ನವಿ ಮುಂಬಯಿಯ ನೆರೂಳಿಗೆ ಹೋದ. ನನ್ನ ಮದುವೆಯ ಮಾತು ಕೆಲವು ಸಲ ಬಂದು ಹೋಯಿತು, ಕೊನೆಗೆ ಮಾತು ಬರುವುದೇ ನಿಂತಿತು. ಡೊಂಬಿವಲಿಯ ಕೋಣೆ, ಕಪಾಟು, ಕ್ಯಾಸೆಟ್ಟುಗಳು ನನಗೆ ಉಳಿದವು. ಭಾನುವಾರ ತಮ್ಮನ ಮನೆಗೆ ಹೋದರೆ ಅವನು ನನ್ನ ಮಾತು ಅರ್ಧವಾಗುವಾಗಲೇ "ಆಯ್ತು ಆಯ್ತು" ಎನ್ನುತ್ತಾನೆ, ಕಣ್ಣು ಟೀವಿಯ ಮೇಲೆ. ಅವನ ಮಗಳಿಗೆ ನಾನು ಕನ್ನಡದಲ್ಲಿ ಕತೆ ಹೇಳಹೊರಟರೆ, "ಆತ್ಯಾ, ಹಿಂದೀ ಮೇ ಬೋಲೋ ನಾ" ಎನ್ನುತ್ತದೆ ಮಗು. ಮಗುವಿನ ತಪ್ಪಲ್ಲ. ನನಗೆ ಹಿಂದಿಯಲ್ಲಿ ಜಗಳ ಬರುತ್ತದೆ, ಕತೆ ಬರುವುದಿಲ್ಲ.

ಕ್ಯಾಸೆಟ್ಟುಗಳನ್ನು ಕಲ್ಯಾಣದ ಒಂದು ಅಂಗಡಿಯಲ್ಲಿ ಮೊಬೈಲಿಗೆ ಹಾಕಿಸಿಕೊಂಡೆ. ಲ್ಯಾಬಿನಲ್ಲಿ ಇಯರ್‌ಫೋನ್ ಹಾಕಿ ಕೇಳುತ್ತ ಕೆಲಸ ಮಾಡುತ್ತಿದ್ದೆ. ಪಕ್ಕದ ಮೇಜಿನ ಮರಾಠಿ ಹೆಂಗಸಿಗೆ ಕುತೂಹಲ, ಒಂದು ದಿನ ಒಂದು ಬದಿಯ ಇಯರ್‌ಫೋನ್ ಕೊಟ್ಟೆ. ಸ್ವಲ್ಪ ಕೇಳಿ, "ಭಾಂಡಣ್ ಚಾಲೂ ಆಹೇ ಕಾ?" ಎಂದಳು. ಜಗಳ ನಡೀತಿದೆಯಾ ಎಂದು. ಜಗಳ ಅಲ್ಲ ಎಂದು ವಿವರಿಸಲು ಹೋದೆ. ಅಷ್ಟರಲ್ಲಿ ಅವಳ ಫೋನು ಬಂತು.

ಒಬ್ಬಂಟಿ ಎಂದರೆ ಸುತ್ತ ಜನ ಇಲ್ಲದವರು ಎಂದು ಮೊದಲು ಅಂದುಕೊಂಡಿದ್ದೆ. ಜನಕ್ಕೆ ಇಲ್ಲೇನು ಬರ? ನಾನು ಹೇಳಿದ್ದನ್ನು, ನೀನು ಹೇಳಿದ್ದು ಇಷ್ಟು ಎಂದು ನನಗೆ ಯಾರೂ ಹಿಂತಿರುಗಿಸುವುದಿಲ್ಲ. ದಿನವಿಡೀ ನಾನು ಪ್ಲಾಸ್ಟರಿನ ದವಡೆಗಳಿಗೆ ಆ ಉಪಕಾರ ಮಾಡುತ್ತೇನೆ, ನನಗೆ ಮಾಡುವವರು ಇಲ್ಲ. ಇದು ನನಗೆ ಕಷ್ಟವಾಗುತ್ತಿತ್ತು, ಬಹಳ ಕಷ್ಟವಾಗುತ್ತಿತ್ತು.

ಆಗ ನನ್ನಲ್ಲಿ ಒಂದೇ ಒಂದು ಆಸೆ ಇತ್ತು. ಮಾಸ್ಟ್ರಿಗೆ ಒಮ್ಮೆ ಹೇಳಬೇಕು, ನಿಮ್ಮ ಮಾತಿನಿಂದ ನಾನು ಕೆಲಸ ಕಲಿತೆ ಎಂದು. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿ ಕಡೆ ಬರುತ್ತಾರೆ. ಒಂದು ವರ್ಷ ಡೊಂಬಿವಲಿಯ ಹಾಲ್ ಒಂದರಲ್ಲಿ ಮಾಸ್ಟ್ರ ತಾಳಮದ್ದಳೆ ಕೂಟ ಇತ್ತು. ಹೋದೆ. ಹೇಳಬೇಕಾದ ವಾಕ್ಯವನ್ನು ಮನೆಯಲ್ಲೇ ಜೋಡಿಸಿ ಇಟ್ಟುಕೊಂಡಿದ್ದೆ. ಮುಗಿದ ಮೇಲೆ ಶಾಲು ಹೊದಿಸುವವರು, ಫೋಟೋ ತೆಗೆಸಿಕೊಳ್ಳುವವರು, ಎಲ್ಲ ಗಂಡಸರು. ಹೇಗೋ ನುಸುಳಿ ಎದುರು ನಿಂತೆ.

"ಏನಮ್ಮ?" ಎಂದರು.

"ಕುಡಿಯುವ ನೀರು ಎಲ್ಲುಂಟು?" ಎಂದೆ.

ಅವರು ಕೈ ತೋರಿಸಿದರು. ನಾನು ಹೋಗಿ ಕುಡಿದೆ ಕೂಡ. ಅಷ್ಟು ವರ್ಷದ ಆಸೆ ಒಂದು ಲೋಟ ನೀರಿನಲ್ಲಿ ಮುಗಿಯಿತು. ಮನೆಗೆ ಬಂದು ನನಗೇ ಬೈದುಕೊಂಡೆ.

ಕೆಲವು ವರ್ಷಗಳ ನಂತರ, ಮತ್ತೆ ಮಳೆಗಾಲ. ವರ್ತಕ ನಗರದಲ್ಲೇ ಕ್ಲಿನಿಕ್ ಇಟ್ಟಿರುವ ನಮ್ಮೂರ ಕಡೆಯ ಡಾಕ್ಟರೊಬ್ಬರು ಶುಕ್ರವಾರ ಡಬ್ಬಿ ಹಿಡಿದು ತಾವೇ ಬಂದರು. ನನಗಿಂತ ಸಣ್ಣವರು, ಅಕ್ಕ ಎಂದು ಕರೆಯುತ್ತಾರೆ.

"ಅಕ್ಕ, ಇದು ಅರ್ಜೆಂಟು. ಊರಿನ ಒಬ್ಬ ಅರ್ಥಧಾರಿ. ನಾಡಿದ್ದು ಮಧ್ಯಾಹ್ನ ಠಾಣೆಯಲ್ಲಿ ತಾಳಮದ್ದಳೆ ಉಂಟು. ಮೇಲಿನ ಎರಡು ಮುಂದಿನ ಹಲ್ಲಿನ ಪ್ಲೇಟ್ ಇತ್ತಂತೆ. ಬರುವಾಗ ಟ್ರೈನಿನಲ್ಲಿ ಬಾಯಿ ತೊಳೆಯಲಿಕ್ಕೆ ತೆಗೆದದ್ದು, ಕೈ ಜಾರಿ ಬೇಸಿನ್ನಿನ ತೂತಿನಲ್ಲಿ ಹೋಯಿತಂತೆ."

"ಯಾರು?" ಎಂದೆ.

ಹೇಳಿದರು. ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನನ್ನ ಮುಖ ನೋಡಿ ಡಾಕ್ಟರು, "ಎಂತ ಅಕ್ಕ, ಆಗುದಿಲ್ಲವಾ?" ಎಂದರು.

ನನ್ನ ಮೇಜಿನ ಮೇಲೆ ಮಾಸ್ಟ್ರ ದವಡೆ. ಅಂಥ ಮಾತೆಲ್ಲ ಹೊರಟ ಬಾಯಿ, ಪ್ಲಾಸ್ಟರಿನಲ್ಲಿ ನೋಡಿದರೆ ಯಾರದ್ದೋ ಮುದುಕರ ದವಡೆ ಅಷ್ಟೆ. ಭಾನುವಾರ ಅವರು ಮಾತಾಡುವುದು ನನ್ನ ಹಲ್ಲಿನಿಂದ. ಜಾಗ ಎರಡು ಹಲ್ಲಿಗೆ ಸ್ವಲ್ಪ ಹೆಚ್ಚೇ ಇತ್ತು. ಮುಂದಿನ ಹಲ್ಲುಗಳ ನಡುವೆ ಸಂದು ಬಿಡುವುದನ್ನು ನಮ್ಮ ಕಡೆ ಯಾರೂ ಕೇಳುವುದಿಲ್ಲ; ಇದ್ದ ಸಂದನ್ನೂ ಮುಚ್ಚಿಕೊಡಿ ಎನ್ನುತ್ತಾರೆ. ಪ್ಲೇಟಿಗೆ ಕೂರಿಸುವ ಸಿದ್ಧ ಹಲ್ಲುಗಳಲ್ಲಿ ಸ್ವಲ್ಪ ಅಗಲದವನ್ನು ಆರಿಸಿ, ಅಕ್ಕಪಕ್ಕದ ಸವೆತ, ಓರೆ, ಎಲೆಯಡಿಕೆಯ ಕಲೆ ಎಲ್ಲ ನೋಡಿ ಕೂರಿಸಿದೆ. ನಾನು ಅಷ್ಟು ಚೆಂದದ ಕೆಲಸ ಅದುವರೆಗೆ ಮಾಡಿರಲಿಲ್ಲ.

ಶನಿವಾರ ಮಧ್ಯಾಹ್ನ ಡಾಕ್ಟರು ಫೋನ್ ಮಾಡಿದರು. "ಚೆಂದ ಉಂಟಂತೆ ಅಕ್ಕ. ಆದರೆ ಮಾತು ಕೂರುದಿಲ್ಲವಂತೆ. ನಾಲಗೆಗೆ ದಾರಿ ಸಿಗುದಿಲ್ಲ ಅಂತಾರೆ. ಪ್ಲೇಟ್ ಕಳಿಸಿದ್ದೇನೆ, ಹಿಂದಿನಿಂದ ಸ್ವಲ್ಪ ತೆಳು ಮಾಡಿ ನೋಡಿ."

ತೆಳು ಮಾಡಿದೆ. ಆದರೆ ಅಲ್ಲಿ ತೆಳು ಮಾಡಲು ಹೆಚ್ಚೇನೂ ಇರಲಿಲ್ಲ, ನನ್ನ ಕೈಗೆ ಅದು ಗೊತ್ತಿತ್ತು. ನಾಳೆ ಮಾಸ್ಟ್ರು ಸಭೆಯಲ್ಲಿ ತಡವರಿಸಿದರೆ? ಎಲ್ಲಿ ತಪ್ಪಿದೆ ಎಂದು ತಿಳಿಯದೆ, ಕೈ ಕಟ್ಟಿಹೋಗಿ, ಅಭ್ಯಾಸಬಲದಿಂದ ಇಯರ್‌ಫೋನ್ ಹಾಕಿಕೊಂಡೆ.

ಅವರದ್ದೇ ಒಂದು ಹಳೆಯ ಕೂಟ. ಎದುರಿನವರು ಮಾತಾಡಿದರು, ಆಮೇಲೆ ಮಾಸ್ಟ್ರು. ಅವರ ಮಾತಿನಲ್ಲಿ ಅಲ್ಲಲ್ಲಿ ಸಣ್ಣಗೆ ಸಿಳ್ಳಿನಂಥ ಒಂದು ಸದ್ದು ಸುಳಿಯುತ್ತದೆ. ಚಿಕ್ಕಂದಿನಿಂದ ಕೇಳಿದ್ದು. ಕಾಪಿಯಿಂದ ಕಾಪಿಯಾದ ಕ್ಯಾಸೆಟ್ಟಿನ ದೋಷ ಅದು ಎಂದು ಅಪ್ಪ ಹೇಳಿದ್ದರು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಟೇಪ್ ರೆಕಾರ್ಡರಿನ ಹೆಡ್ ಒರೆಸುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ ನಂಬಿದ್ದೆವು. ಡೊಂಬಿವಲಿಯ ಹಾಲಿನಲ್ಲಿ ಕೇಳಿದ್ದನ್ನೂ ನಾನು ಮೈಕಿನದ್ದು ಅಂದುಕೊಂಡಿದ್ದೆ. ಆ ದಿನ ಮೊದಲ ಸಲ ಕೇಳಿಸಿತು, ಅದೇ ಟೇಪಿನಲ್ಲಿ ಎದುರಿನವರು ಮಾತಾಡುವಾಗ ಆ ಸದ್ದು ಇಲ್ಲ. ಹಿಂದಕ್ಕೆ ಹಾಕಿ ಕೇಳಿದೆ. ಇಲ್ಲ. ಮಾಸ್ಟ್ರು ಶುರುಮಾಡಿದರು, ಇದೆ.

ಸದ್ದು ಟೇಪಿನದ್ದಲ್ಲ, ಹಲ್ಲಿನದ್ದು. ಎರಡು ಮುಂದಿನ ಹಲ್ಲುಗಳ ನಡುವೆ ಅವರಿಗೆ ಸಂದು ಇತ್ತು. ಆ ಸಂದಿನಲ್ಲಿ ಉಸಿರು ಹಾದು ಮಾತು ರೂಢಿಯಾಗಿತ್ತು. ನಾನು ಅದನ್ನು ಚೆಂದವಾಗಿ ಮುಚ್ಚಿದ್ದೆ. ಅಕ್ಕಪಕ್ಕದ ಹಲ್ಲುಗಳ ಮಾತನ್ನೆಲ್ಲ ಕೇಳಿದ್ದೆ, ಖಾಲಿ ಜಾಗವೂ ಏನೋ ಹೇಳುತ್ತಿದೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿ, ನಡುವೆ ಸಂದು ಬಿಡಲಾ ಎಂದು ಕೇಳಿದೆ.

"ಸಂದಾ? ನೋಡಿದವರು ಡಾಕ್ಟ್ರ ಕೆಲಸ ಸರಿ ಇಲ್ಲ ಅಂತಾರೆ ಅಕ್ಕ" ಎಂದು ನಕ್ಕರು. "ಇರಿ, ಇಲ್ಲೇ ಕೂತಿದ್ದಾರೆ, ಕೇಳ್ತೇನೆ."

ಫೋನಿನಾಚೆ ಗುಜುಗುಜು. ಆಮೇಲೆ ಡಾಕ್ಟರು, "ಇತ್ತಂತೆ. ಹಳೆಯ ಪ್ಲೇಟಿನಲ್ಲೂ ಬಿಟ್ಟಿದ್ದರಂತೆ. ಡಾಕ್ಟ್ರು ಇಷ್ಟು ಚೆಂದ ಮಾಡಿ ಕೊಟ್ಟದ್ದನ್ನು ಹಾಳು ಮಾಡಿ ಅಂತ ಹೇಳಲಿಕ್ಕೆ ದಾಕ್ಷಿಣ್ಯ ಆಯ್ತಂತೆ. ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಾರೆ" ಎಂದರು.

"ನಾಳೆ ಬಂದು ಹೇಳ್ತೇನೆ ಅನ್ನಿ" ಎಂದೆ.

ಅಗಲದ ಹಲ್ಲುಗಳನ್ನು ತೆಗೆದು ಕಿರಿದಾದವನ್ನು ಕೂರಿಸಿದೆ. ಎಷ್ಟು ಸಂದು? ಅದಕ್ಕೆ ಜಾಗವೇ ಲೆಕ್ಕ ಹೇಳಿತು. ಮಿಕ್ಕಿದ್ದನ್ನು ಇಯರ್‌ಫೋನ್ ಹೇಳಿತು. ಮರುದಿನ ಬೆಳಿಗ್ಗೆ ಡಾಕ್ಟರು ಪ್ಲೇಟ್ ಒಯ್ದರು.

ಭಾನುವಾರ ಮಧ್ಯಾಹ್ನ ಹಾಲ್‌ನಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ಮಳೆ, ಒದ್ದೆ ಕೊಡೆಗಳು, ಹೊಟೇಲಿನವರು, ರಿಟೈರ್ ಆದವರು. ಎದುರಿನ ಅರ್ಥಧಾರಿ ಬಹಳ ಹೊತ್ತು ಮಾತಾಡಿದರು. ನನಗೆ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಅವರು ನಿಲ್ಲಿಸಿದರು. ಮಾಸ್ಟ್ರು ಎಂದಿನಂತೆ ಸುಮ್ಮನಿದ್ದರು. ಆ ಮೌನದಲ್ಲಿ ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. ಆಮೇಲೆ ಅವರು ಶುರುಮಾಡಿದರು, ಸಣ್ಣ ಸಿಳ್ಳಿನ ಜೊತೆ. ಅಪ್ಪನ ಕಪಾಟು, ಅಮ್ಮನ ಅಕ್ಕಿಮೊರ, ಎಲ್ಲ ಒಟ್ಟಿಗೆ ಬಂದವು. ಅಪ್ಪ ಇದ್ದಿದ್ದರೆ, ಒರೆಸಬೇಡಿ, ಅದು ಟೇಪಿನದ್ದಲ್ಲ ಎಂದು ಹೇಳಬಹುದಿತ್ತು. ಪಕ್ಕದಲ್ಲಿ ಕೂತವರು ಯಾರೋ ಮೊಬೈಲ್ ನೋಡುತ್ತಿದ್ದರು. ಅವರಿಗೆ ಹೇಳುವುದೇನು?

ಮುಗಿದ ಮೇಲೆ ಮತ್ತೆ ಅದೇ ಶಾಲು, ಅದೇ ಫೋಟೋ. ಈ ಸಲ ಡಾಕ್ಟರು ನನ್ನನ್ನು ಕರೆದುಕೊಂಡು ಹೋಗಿ, "ಮಾಸ್ಟ್ರೆ, ಹಲ್ಲು ಮಾಡಿದ್ದು ಇವರು" ಎಂದು ಹೇಳಿ ಸರಿದರು. ಮಾಸ್ಟ್ರು ಎದ್ದು ನಿಂತರು. ಟೇಪಿನ ಸ್ವರಕ್ಕಿಂತ ಆಳು ಬಹಳ ಸಣ್ಣ.

"ಸಂದು ಹೇಗೆ ಗೊತ್ತಾಯಿತಮ್ಮ ನಿಮಗೆ?" ಎಂದರು.

ಜೋಡಿಸಿ ಇಟ್ಟುಕೊಂಡ ವಾಕ್ಯ ಹೋಗೇಬಿಟ್ಟಿತು. ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಅಪ್ಪನ ಕ್ಯಾಸೆಟ್, ಅಮ್ಮನ ಮಾತು, ಬಾಥ್‌ರೂಮಿನ ಟೈಲ್ಸ್, ರೈಲಿನ ಅಳು, ಪಕ್ಕದ ಹಲ್ಲು, ಟೇಪಿನ ದೋಷ ಅಂದುಕೊಂಡ ಸದ್ದು. ಹಿಂದೊಮ್ಮೆ ಬಂದು ನೀರು ಕೇಳಿ ಹೋದದ್ದು. ಮನೆಯಲ್ಲಿ ಈಗ ಅವರ ಸ್ವರ ಬಿಟ್ಟರೆ ಬೇರೆ ಸ್ವರ ಇಲ್ಲ ಎಂಬುದು ಹೇಗೆ ಹೊರಬಿತ್ತೋ, ಅದೂ ಬಿತ್ತು. ಕೂಟ ನಡೆಸಿದ ಸಂಘದವರೊಬ್ಬರು ನಡುವೆ ಬಂದು, "ಮಾಸ್ಟ್ರೆ, ಕಾರು ಬಂದಿದೆ, ಹೊರಡುವನಾ?" ಎಂದರು.

"ಒಂದು ನಿಮಿಷ. ಇವರ ಮಾತು ಮುಗಿಯಲಿ" ಎಂದರು ಮಾಸ್ಟ್ರು.

ಮುಗಿಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಾಗಾದರೆ ನೀವು ಹೇಳಿದ್ದು ಇಷ್ಟು" ಎಂದರು. "ತಂದೆಯವರು ರಜೆಯ ದಿನ ಕ್ಯಾಸೆಟ್ ಹಾಕ್ತಿದ್ರು. ತಾಯಿ, ನನ್ನ ಮಾತೂ ಹಾಗೆ ಕೇಳಿ ಅಂತಿದ್ರು. ನೀವು ಮಾಡಿದ ಹಲ್ಲಿಗೆ ಸೇಠ್ ಟೈಲ್ಸ್ ಅಂದ್ರು, ನೀವು ರೈಲಿನಲ್ಲಿ ಅತ್ರಿ. ಆಮೇಲೆ ಪಕ್ಕದ ಹಲ್ಲಿನ ಮಾತು ಕೇಳಿ ಕೆಲಸ ಮಾಡಲಿಕ್ಕೆ ಸುರು ಮಾಡಿದ್ರಿ, ಅದು ನನ್ನಿಂದ ಅಂತ ಹೇಳ್ತೀರಿ. ಒಂದು ಸಲ ಅದನ್ನೇ ಹೇಳಲಿಕ್ಕೆ ಬಂದು ನೀರು ಕೇಳಿ ಹೋದ್ರಿ. ಟೇಪಿನ ದೋಷ ಅಂದುಕೊಂಡ ಸದ್ದು ನನ್ನ ಹಲ್ಲಿನದ್ದು ಅಂತ ನಿನ್ನೆ ಗೊತ್ತಾಯ್ತು, ಸಂದು ಬಿಟ್ರಿ. ತಂದೆ ತಾಯಿ ಈಗ ಇಲ್ಲ. ಮನೆಯಲ್ಲಿ ನಿಮ್ಮ ಹತ್ರ ಮಾತಾಡುವವರು ಯಾರೂ ಇಲ್ಲ."

ಸಂಘದವರು ಕಾರಿನ ಕಡೆ ನೋಡುತ್ತ ನಿಂತಿದ್ದರು. ನಾನು ಮಾಡಿದ ಸಂದಿನಿಂದ ನನ್ನದೇ ಮಾತು ಸಣ್ಣ ಸಿಳ್ಳಿನ ಜೊತೆ ನನ್ನ ಬಳಿಗೆ ಬರುತ್ತಿತ್ತು.

"ಇಷ್ಟೇ ತಾನೆ ಅಮ್ಮ? ಏನಾದರೂ ಬಿಟ್ಟೆನೆ?"

"ಇಲ್ಲ ಮಾಸ್ಟ್ರೆ" ಎಂದೆ. "ಇಷ್ಟೇ."